ಹದಿನೇಳನೆಯ ವಾರದ ರೊಟ್ಟಿ

ನಾನು ಒಂದು ಪುಸ್ತಕ. ಹಾಗೆಂದು ಹೇಳಿಕೊಂಡರೆ ಅಂಗಡಿಯ ಪುಸ್ತಕಗಳು ಮೂಗು ಮುರಿಯುತ್ತವೆ. ಮುರಿಯಲಿ. ಅವು ಹುಟ್ಟುವುದು ಅಚ್ಚುಕೂಟದಲ್ಲಿ, ಒಂದೇ ದಿನ, ಸಾವಿರ ಅವಳಿಗಳ ಜೊತೆ. ನಾನು ಹುಟ್ಟಿದ್ದು ಬೆಟಗೇರಿಯ ಒಂದು ಓಣಿಯಲ್ಲಿ, ಹೊಲಿಗೆ ಯಂತ್ರದ ಪಕ್ಕದಲ್ಲಿ, ಮೂವತ್ತು ವಾರ ತೆಗೆದುಕೊಂಡು. ನನ್ನಂಥದ್ದು ಇನ್ನೊಂದಿಲ್ಲ. ಇದನ್ನು ಜಂಬದಿಂದ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ, ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ. ನನ್ನ ಬಾಳೆಲ್ಲ ಅದರಲ್ಲೇ ಕಳೆದಿದೆ.

ಆ ಓಣಿಯ ಐದು ಮನೆಯ ಹೆಂಗಸರು ಕೂಡಿ ಒಂದು ವಾರಪತ್ರಿಕೆ ತರಿಸುತ್ತಿದ್ದರು. ಸೋಮವಾರ ಮೊದಲ ಮನೆಗೆ ಬಂದ ಪತ್ರಿಕೆ ದಿನಕ್ಕೊಂದು ಹೊಸ್ತಿಲು ದಾಟಿ ಶುಕ್ರವಾರ ಕಡೆಯ ಮನೆ ಸೇರುತ್ತಿತ್ತು. ಅಷ್ಟರಲ್ಲಿ ಅದರ ಮೇಲೆ ಅರಿಸಿನದ ಬೆರಳಚ್ಚು ಮೂಡಿರುತ್ತಿತ್ತು, ಚಹಾ ಬಟ್ಟಲಿನ ಕಲೆ ಬಿದ್ದಿರುತ್ತಿತ್ತು. ಆದರೆ ಕಡೆಯ ಮನೆಗೆ ಉಳಿದವರಿಗಿಲ್ಲದ ಒಂದು ಹಕ್ಕಿತ್ತು. ಬೇಕಾದ ಪುಟಗಳನ್ನು ಕತ್ತರಿಸಿ ಇಟ್ಟುಕೊಳ್ಳಬಹುದಿತ್ತು. ಆ ಕಡೆಯ ಮನೆ ನೀಲಗಂಗವ್ವನದು. ಓಣಿಗೆಲ್ಲ ಕುಪ್ಪಸ, ಫ್ರಾಕು ಹೊಲಿದುಕೊಡುತ್ತಿದ್ದ ಅವಳ ಕೈಯಲ್ಲಿ ಕತ್ತರಿ ಸದಾ ಇರುತ್ತಿತ್ತು.

ಆ ವರ್ಷ 'ದೀಪಸ್ತಂಭದ ಜಲಜೆ' ಎಂಬ ಧಾರಾವಾಹಿ ಶುರುವಾಯಿತು. ಕಡಲ ದಂಡೆಯ ದೀಪಸ್ತಂಭ ಕಾಯುವವನ ಮಗಳು ಜಲಜೆಯ ಕಥೆ ಅದು. ನೀಲಗಂಗವ್ವ ಅದನ್ನು ಓದಿ, ನಾಲ್ಕು ಪುಟ ಕತ್ತರಿಸಿ, ಯಂತ್ರದ ಖಾನೆಯಲ್ಲಿ ಇಡುತ್ತಿದ್ದಳು. ಮಗಳು ಕುಮುದಾ ಆಗ ಆರು ವರ್ಷದವಳು. ದೊಡ್ಡವಳಾದ ಮೇಲೆ ಅವಳು ಓದಲಿ ಎಂದು ತಾಯಿಯ ಆಸೆ.

ಹದಿನಾರನೆಯ ವಾರ ಕಥೆ ಉಸಿರು ಬಿಗಿಹಿಡಿಯುವಲ್ಲಿಗೆ ಬಂದು ನಿಂತಿತು. ಅಪ್ಪ ಜ್ವರದಲ್ಲಿ ಮಲಗಿದ್ದಾನೆ. ಮುಂಜಾನೆಯಿಂದ ಮನೆಯಲ್ಲಿ ಒಲೆ ಹಚ್ಚಿಲ್ಲ. ಬಿರುಗಾಳಿಗೆ ಮೇಲಿನ ದೀಪ ಆರಿದೆ, ದೋಣಿಗಳೆಲ್ಲ ಕಡಲಿನಲ್ಲಿವೆ. ಜಲಜೆ ಇನ್ನೂರು ಮೆಟ್ಟಿಲುಗಳಲ್ಲಿ ಮೊದಲನೆಯದರ ಮೇಲೆ ಕಾಲಿಡುತ್ತಾಳೆ. 'ಮುಂದುವರಿಯುವುದು' ಎಂದು ಅಚ್ಚಾಗಿತ್ತು.

ಮುಂದುವರಿಯಿತು, ಆದರೆ ನನ್ನೊಳಗೆ ಬರಲಿಲ್ಲ. ಹದಿನೇಳನೆಯ ಶುಕ್ರವಾರ ಹಬ್ಬದ ಹೊಲಿಗೆಯ ಅವಸರವಿತ್ತು. ಊರವರ ಬಟ್ಟೆಯೆಲ್ಲ ಮುಗಿಸಿದ ಮೇಲೆ ಸ್ವಂತ ಮಗಳ ಫ್ರಾಕು ಬಾಕಿ ಉಳಿದಿತ್ತು. ಕಾಲರಿನ ಅಳತೆಗೆ ಕಾಗದ ಕತ್ತರಿಸಲು ನೀಲಗಂಗವ್ವ ಕೈಗೆ ಸಿಕ್ಕ ಹಾಳೆಗಳನ್ನು ಮಡಿಸಿ ಕತ್ತರಿ ಆಡಿಸಿದಳು. ಚೂರುಪಾರು ಬಚ್ಚಲ ಒಲೆಗೆ ಹೋಯಿತು. ಫ್ರಾಕು ಮುಗಿಸಿ, ಇನ್ನು ಕಥೆ ಓದೋಣ ಎಂದು ಪತ್ರಿಕೆ ತೆರೆದಾಗ ಅಲ್ಲಿ ಜಲಜೆ ಇರಲಿಲ್ಲ. ಕೈಯಲ್ಲಿದ್ದ ಕಾಲರಿನ ಕಾಗದದ ಮೇಲೆ ಅರ್ಧರ್ಧ ಸಾಲುಗಳು ಮಾತ್ರ ಉಳಿದಿದ್ದವು.

ಅಂಗಡಿಯಲ್ಲಿ ಆ ಸಂಚಿಕೆ ಮುಗಿದುಹೋಗಿತ್ತು. ನೀಲಗಂಗವ್ವ ಉಳಿದ ನಾಲ್ಕು ಮನೆಯವರನ್ನು ಕರೆದು ಕೂರಿಸಿದಳು. ನಾನು ಖಾನೆಯೊಳಗಿನಿಂದ ಎಲ್ಲ ಕೇಳಿಸಿಕೊಂಡೆ.

"ನಡುವಿನ ಮೆಟ್ಲದಾಗ ಅತ್ತಾಳ," ಎಂದಳು ಮೊದಲ ಮನೆಯ ಅಂಬಕ್ಕ.

"ಅತ್ತಿಲ್ಲ ಬಿಡ್ರಿ. ಎಚ್ಚರ ತಪ್ಪಿ ಬಿದ್ದಾಳ. ಆ ದೋಣಿ ಹುಡುಗ ಬಂದು ಎತ್ತಿಕೊಂಡು ಹೋಗ್ಯಾನ," ಎಂದಳು ಎದುರು ಮನೆಯ ಹುಸೇನಬಿ.

ಇನ್ನಿಬ್ಬರು ಇನ್ನೆರಡು ಥರ ಹೇಳಿದರು. ಓದಿ ವಾರವೂ ಆಗಿರಲಿಲ್ಲ, ನಾಲ್ವರದು ನಾಲ್ಕು ಕಥೆ! ನೀಲಗಂಗವ್ವ ಎಲ್ಲರ ಮಾತನ್ನೂ ಕೇಳಿದಳು. ಆಮೇಲೆ ಕುಮುದಾಳ ನೋಟ್‌ಬುಕ್ಕಿನಿಂದ ನಾಲ್ಕು ಹಾಳೆ ಕಿತ್ತುಕೊಂಡು ಬರೆಯಲು ಕುಳಿತಳು. ಐವರಲ್ಲಿ ಯಾರೂ ಸಮುದ್ರ ಕಂಡವರಲ್ಲ. ಹೀಗಾಗಿ ಸಮುದ್ರ ಮಳೆಗಾಲದ ಕೆರೆಯಷ್ಟಾಯಿತು. ಜಲಜೆ ಮೊದಲ ಮೆಟ್ಟಿಲಿನಿಂದ ಕಾಲು ಹಿಂದೆ ತೆಗೆದಳು. ಅಡಿಗೆಮನೆಗೆ ಹೋಗಿ, ಬುಟ್ಟಿಯಲ್ಲಿದ್ದ ನಿನ್ನೆಯ ಜೋಳದ ರೊಟ್ಟಿ ತೆಗೆದು, ಎಣ್ಣೆಯಲ್ಲಿ ಕಲಸಿದ ಶೇಂಗಾ ಹಿಂಡಿಯ ಚಟ್ನಿ ಹಚ್ಚಿಕೊಂಡು ತಿಂದಳು. ನೀರು ಕುಡಿದಳು. ಸೆರಗು ಸಿಕ್ಕಿಸಿದಳು. ಆಮೇಲೆ ಹತ್ತಿದಳು, ಇನ್ನೂರೂ ಮೆಟ್ಟಿಲು, ಒಬ್ಬಳೇ.

ಅದನ್ನು ಓದಿದ ಅಂಬಕ್ಕ, "ಅದರಾಗ ರೊಟ್ಟಿ ಇರಲಿಲ್ಲಬೇ," ಎಂದಳು.

"ಇರಲಿಲ್ಲಂದ್ರ ಇರಬೇಕಾಗಿತ್ತು. ಮುಂಜಾನಿಂದ ಆಕಿ ಏನೂ ತಿಂದಿಲ್ಲ. ಹಸದ ಹೊಟ್ಟೀಲೆ ಅಷ್ಟು ಮೆಟ್ಲ ಹತ್ತಾಕ ಆಕ್ಕೇತೇನು?"

ಮಗಳಿಗೆ ಮಾತ್ರ ಹೇಳಬಾರದೆಂದು ಐವರೂ ಮಾತಾಡಿಕೊಂಡರು. ಅವಳು ಕೇಳಿದರೆ, ಬೇರೆಯವರ ಪ್ರತಿ ನೋಡಿ ನಕಲು ಮಾಡಿದ್ದು ಎಂದರಾಯಿತು.

ಮೂವತ್ತು ವಾರ ತುಂಬಿದ ಮೇಲೆ ನೀಲಗಂಗವ್ವ ದಬ್ಬಣದಿಂದ ನನ್ನನ್ನು ಹೊಲಿದಳು. ಅಂಗಿಯ ಪೆಟ್ಟಿಗೆಯ ರಟ್ಟು ಕೊಟ್ಟು, ಅದರ ಮೇಲೆ ಹಸಿರು ಖಣದ ಬಟ್ಟೆ ಹೊದಿಸಿದಳು. ಕಾಲರಿನ ಕಾಗದವನ್ನು ಗುರುತಿಗೆಂದು ಹದಿನೇಳನೆಯ ವಾರದಲ್ಲೇ ಇಟ್ಟಳು. ನಾನು ಚೆಂದವಾಗಿಯೇ ಇದ್ದೆ. ಆದರೆ ನನ್ನ ಅಚ್ಚಿನ ಪುಟಗಳ ನಡುವೆ ಆ ಕೈಬರಹದ ನಾಲ್ಕು ಹಾಳೆಗಳು ಕರೆಯದೆ ಬಂದ ನೆಂಟರಂತೆ ಕುಳಿತಿದ್ದವು. ನಾನು ಅವನ್ನು ಮೊದಲ ದಿನದಿಂದಲೂ ಸಹಿಸಲಿಲ್ಲ.

ಕುಮುದಾ ಒಂಬತ್ತನೆಯ ವಯಸ್ಸಿಗೆ ನನ್ನನ್ನು ಹಿಡಿದಳು. ತಾಯಿ ಯಂತ್ರ ತುಳಿಯುತ್ತಿದ್ದರೆ ಇವಳು ಅದರ ಪಕ್ಕದ ಚಾಪೆಯ ಮೇಲೆ ಬೋರಲು ಮಲಗಿ ಓದುತ್ತಿದ್ದಳು. ಆ ಬೇಸಿಗೆ ರಜೆಯಲ್ಲಿ ನನ್ನಷ್ಟು ಸುಖಿ ಪುಸ್ತಕ ಗದಗ ಸೀಮೆಯಲ್ಲೇ ಇರಲಿಲ್ಲ. ಮೊದಲ ಸಲ ಎಲ್ಲ ಓದಿದಳು. ಎರಡನೆಯ ಸಲವೂ ಓದಿದಳು. ಮೂರನೆಯ ಸಲದಿಂದ ನೇರವಾಗಿ ಕಾಲರಿನ ಕಾಗದ ಇದ್ದಲ್ಲಿಗೆ ಹೋಗತೊಡಗಿದಳು. ಜಲಜೆ ಅಡಿಗೆಮನೆಗೆ ತಿರುಗಿದೊಡನೆ ಇವಳೂ ಎದ್ದು ಹೋಗಿ ಒಣಗಿ ಗರಿಗರಿಯಾದ ಕಟಕ ರೊಟ್ಟಿ ತರುತ್ತಿದ್ದಳು. ಜಲಜೆ ಕಡಿದಾಗ ಕಡಿಯುತ್ತಿದ್ದಳು. ರೊಟ್ಟಿಯ ಪುಡಿ, ಹಿಂಡಿಯ ಎಣ್ಣೆ ಎಲ್ಲ ನನ್ನ ಸಂದಿಗೆ! ಇರುವೆಗಳು ಬಂದವು. ಹೆಸರಾಂತ ಲೇಖಕರು ಬರೆದ ನೂರಾಹದಿನಾರು ಪುಟ ನನ್ನಲ್ಲಿದ್ದವು. ಅವಳಿಗೆ ಬೇಕಾದದ್ದು ದರ್ಜಿಯ ನಾಲ್ಕು ಹಾಳೆ. ತನ್ನ ಹೊಟ್ಟೆಯೊಳಗಿನದರ ಮೇಲೆಯೇ ಹೊಟ್ಟೆಕಿಚ್ಚು ಪಡುವ ಗತಿ ಯಾವ ಪುಸ್ತಕಕ್ಕೂ ಬರಬಾರದು.

ಆಮೇಲೆ ಗ್ರಂಥಾಲಯದ ಪುಸ್ತಕಗಳು ಬರತೊಡಗಿದವು. ಬೆನ್ನಿಗೆ ನಂಬರು, ಎದೆಗೆ ಮೊಹರು, ಒಳಗೆ ದಿನಾಂಕದ ಚೀಟಿ. ಅವು ನನ್ನ ಪಕ್ಕ ಮಲಗಿದಾಗ ಹಳೇ ಬಟ್ಟೆಯ ವಾಸನೆ ಬರುತ್ತದೆಂದು ಮುಖ ತಿರುಗಿಸುತ್ತಿದ್ದವು. ಹದಿನಾಲ್ಕು ದಿನಕ್ಕೆ ವಾಪಸು ಹೋಗುವ ಅತಿಥಿಗಳಿಗೆ ಎಷ್ಟು ಸೊಕ್ಕು! ಕುಮುದಾ ಅವನ್ನು ಒಂದೊಂದೇ ಸಲ ಓದಿದಳು, ನಿಜ. ಆದರೂ ಪ್ರತಿ ಸಲ ಅವಳ ಚೀಲ ಉಬ್ಬಿದ್ದು ಕಂಡಾಗ ನನ್ನ ಹೊಲಿಗೆ ಬಿಗಿಯುತ್ತಿತ್ತು.

ಅವಳು ಕಾಲೇಜು ಮುಗಿಸಿದಳು, ಟೆಲಿಫೋನ್ ಕಚೇರಿಯಲ್ಲಿ ಕೆಲಸ ಹಿಡಿದಳು, ಮದುವೆಯಾಗಿ ಹುಬ್ಬಳ್ಳಿಗೆ ಹೋದಳು. ಅವಳ ಟ್ರಂಕಿಗೆ ಶಾಲೆಯಲ್ಲಿ ಬಹುಮಾನ ಬಂದ ದಪ್ಪ ಪುಸ್ತಕವೊಂದು ಸೇರಿತು. ಅವಳು ಅದರ ಹತ್ತು ಪುಟವನ್ನೂ ಓದಿರಲಿಲ್ಲ. ನನ್ನನ್ನು ಹುಡುಕಿದಳಂತೆ, ಸಿಗಲಿಲ್ಲವಂತೆ. ಸಿಗುವುದಾದರೂ ಹೇಗೆ? ಮನೆಗೆ ಸುಣ್ಣ ಹಚ್ಚುವಾಗ ಯಾರೋ ನನ್ನ ಖಣದ ಹೊದಿಕೆ ನೋಡಿ ಬಟ್ಟೆಯ ತುಂಡೆಂದುಕೊಂಡು ಚಿಂದಿಯ ಗಂಟಿಗೆ ತುರುಕಿದ್ದರು.

ಆ ಗಂಟಿನಲ್ಲಿ ನಾನು ಎಷ್ಟು ವರ್ಷ ಕಳೆದೆನೋ. ಗಂಟಿನ ತುಂಡುಗಳನ್ನು ಕೂಡಿಸಿ ನೀಲಗಂಗವ್ವ ಕೌದಿ ಹೊಲಿಯುತ್ತಿದ್ದಳು. ಹೂವಿನ ಚೀಟಿ ಬಟ್ಟೆ, ಚೌಕಡಿ ಅಂಗಿ, ಹರಿದ ಇಳಕಲ್ಲು ಸೀರೆ, ಒಂದೊಂದಾಗಿ ಎದ್ದು ಹೋಗಿ ಕೂಸುಗಳ ಮೈಮೇಲೆ ಬಿದ್ದವು. ಚಿಂದಿಯ ಭಾಗ್ಯವೂ ನನಗಿಲ್ಲವಲ್ಲ ಎಂದು ಕರುಬಿದೆ. ಅವಳು ವಯಸ್ಸಾಗಿ ಮಗಳ ಮನೆಗೆ ಹೊರಟಾಗ ಯಂತ್ರ ಬಂತು, ಗಂಟೂ ಬಂತು. ಹುಬ್ಬಳ್ಳಿಯಲ್ಲಿ ನಾನು ಅವಳ ಮಂಚದ ಕೆಳಗೆ ಇದ್ದೆ. ಕುಮುದಾಳ ದನಿ ದಿನವೂ ಕೇಳುತ್ತಿತ್ತು. ಅವಳ ಕೂದಲು ಬೆಳ್ಳಗಾದದ್ದನ್ನು ಮಾತ್ರ ನಾನು ನೋಡಿರಲಿಲ್ಲ.

ಕಳೆದ ವರ್ಷ ಒಂದು ಮಧ್ಯಾಹ್ನ ಬಾಗಿಲಿಗೆ ಒಂದು ಪೊಟ್ಟಣ ಬಂತು.

"ಇಂಚರಾ, ಬಾ ಇಲ್ಲೆ! ನಾ ಸಣ್ಣಾಕಿದ್ದಾಗ ಓದಿದ ಪುಸ್ತಕ. ಹೊಸಾದು ಅಚ್ಚು ಹಾಕ್ಯಾರ," ಎಂದು ಕುಮುದಾ ಮೊಮ್ಮಗಳನ್ನು ಕೂಗಿದಳು.

ಪೊಟ್ಟಣ ಹರಿದ ಸದ್ದು. ಹೊಸ ಕಾಗದದ ವಾಸನೆ ಮಂಚದ ಕೆಳಗೂ ಬಂತು. ದೀಪಸ್ತಂಭದ ಜಲಜೆ! ನನ್ನ ಹೆಸರು, ನನ್ನ ಕಥೆ, ನುಣುಪು ರಟ್ಟು. ಐವತ್ತು ವರ್ಷದ ಹೊಟ್ಟೆಕಿಚ್ಚೆಲ್ಲ ಬರೀ ತಾಲೀಮು ಎಂದು ಆಗ ಗೊತ್ತಾಯಿತು. ಇದು ಗೆದ್ದರೆ ನಾನು ನಿಜವಾಗಿಯೂ ಚಿಂದಿ.

ಕುಮುದಾ ದಿನವೂ ಒಂದಿಷ್ಟು ಓದಿ ಹೇಳಿದಳು. ನೀಲಗಂಗವ್ವ ಮಂಚದ ಮೇಲೆ ಕೌದಿ ಹೊಲಿಯುತ್ತ ಕೇಳುತ್ತಿದ್ದಳು. ಹದಿನೇಳನೆಯ ಅಧ್ಯಾಯ ಬಂದ ದಿನ ಕುಮುದಾ ಮೊದಲೇ ಹೇಳಿದಳು, "ಈಗ ನೋಡು, ಆಕಿ ರೊಟ್ಟಿ ತಿಂತಾಳ. ನೀನೂ ಒಂದು ತೊಗೊಂಡು ಕುಂದರು."

ಹುಡುಗಿ ರೊಟ್ಟಿ ಹಿಡಿದು ಕುಳಿತಳು. ಜಲಜೆ ಮೆಟ್ಟಿಲು ಹತ್ತಿದಳು. ನಡುವೆ ಅತ್ತಳು. ಎಚ್ಚರ ತಪ್ಪಿ ಬಿದ್ದಳು. ದೋಣಿಯ ತರುಣ ಬಂದು ಅವಳನ್ನು ಎತ್ತಿಕೊಂಡು ಹೋಗಿ ದೀಪ ಹಚ್ಚಿದ. ಅಧ್ಯಾಯ ಮುಗಿಯಿತು.

"ಅಜ್ಜಿ, ರೊಟ್ಟಿ ಎಲ್ಲೈತಿ?"

ಕುಮುದಾ ಪುಟ ಹಿಂದೆ ಮುಂದೆ ತಿರುವಿದಳು. "ಬಿಟ್ಟಾರ. ಹೊಸಾ ಅಚ್ಚಿನಾಗ ತಗದು ಒಗದಾರ. ಇವರ ಕೈ ಸೇದಿ ಹೋಗ್ಲಿ."

ಆಗ ಮಂಚದ ಮೇಲೆ ಸೂಜಿ ನಿಂತಿತು. ನೀಲಗಂಗವ್ವ ಆ ಅಧ್ಯಾಯವನ್ನು ಕೇಳಿದ್ದು ಅದೇ ಮೊದಲು ಎಂಬುದು ನನಗೊಬ್ಬನಿಗೇ ಗೊತ್ತಿತ್ತು.

"ಉಪವಾಸ ಕಳಿಸ್ಯಾರಲ್ಲ ಹುಡುಗೀನ," ಎಂದಳು.

"ಏನಂದಿಬೇ?"

"ಅದಕ್ಕಽ ಬಿದ್ದಾಳ ಆಕಿ. ನಾ ಉಣಿಸಿ ಕಳಿಸಿದ್ದೆ."

ಮುದುಕಿ ಬಗ್ಗಿ ಗಂಟು ಎಳೆದಳು. ಕೌದಿಗೆ ತುಂಡು ತೆಗೆಯುವಾಗ ಎಷ್ಟೋ ಸಲ ಕೈಗೆ ತಾಗಿದರೂ ಗುಟ್ಟು ಉಳಿಯಲೆಂದು ಬಿಟ್ಟಿದ್ದ ರಟ್ಟಿಗಾಗಿ ಕೈ ಒಳಗೆ ಹಾಕಿ ತಡಕಾಡಿದಳು. ಖಣದ ಬಟ್ಟೆ ಸಿಕ್ಕಿದೊಡನೆ ಅವಳ ಬೆರಳಿಗೆ ತನ್ನ ಹೊಲಿಗೆಯ ಗುರುತು ಹತ್ತಿತು. ಬೆಳಕಿಗೆ ಬಂದೊಡನೆ ನಾನಾಗಿಯೇ ಹದಿನೇಳನೆಯ ವಾರಕ್ಕೇ ತೆರೆದುಕೊಂಡೆ. ಎಣ್ಣೆಯ ಕಲೆ ಹಾಗೇ ಇತ್ತು. ಕಾಲರಿನ ಕಾಗದ ಕುಮುದಾಳ ಮಡಿಲಿಗೆ ಬಿತ್ತು.

"ಇದು ನಿನ್ನ ಹಬ್ಬದ ಫ್ರಾಕಿನ ಕಾಲರು. ಖರೇ ಕಥಿ ಇದರಾಗ ಕತ್ತರಿಸಿ ಹೋತು. ನಿನಗ ಹ್ಯಾಂಗ ಹೇಳ್ಲಿ? ನಾನಽ ಬರದೆ."

ಕುಮುದಾ ಕಾಲರಿನ ಮೇಲಿನ ಅರ್ಧ ಸಾಲುಗಳನ್ನು ಹೊಸ ಪುಸ್ತಕದ ಪಕ್ಕ ಹಿಡಿದು ನೋಡಿದಳು. ಆಮೇಲೆ ತಾಯಿಯ ಅಕ್ಷರ ನೋಡಿದಳು. "ಟೆಲಿಫೋನ್ ಆಫೀಸಿನ ಪರೀಕ್ಷಾಕ್ಕ ಹೋಗೂವಾಗ ಸೈತ ಮೊದಲು ರೊಟ್ಟಿ ತಿಂದು ಹೋಗಿದ್ನಿ. ಜಲಜೆ ತಿಂದಾಳಂತ," ಎನ್ನುತ್ತ ಅತ್ತಳು. ಅವಳ ಕಣ್ಣೀರು ಬಿದ್ದದ್ದೂ ಆ ನಾಲ್ಕು ಹಾಳೆಗಳ ಮೇಲೆಯೇ. ಆದರೂ ಅಂದು ನನಗೆ ಸಂಕಟವಾಗಲಿಲ್ಲ.

ಸಂಕಟ ಬಂದದ್ದು ಮರುಗಳಿಗೆ. ಅವಳು ಕಣ್ಣೊರೆಸಿಕೊಂಡು ಕತ್ತರಿ ತಂದಳು. "ಈ ಹಾಳಿ ಬಿಚ್ಚಿ ಹೊಸಾದ್ರಾಗ ಇಡ್ತೀನಿ. ಇಂಚರಾ ಅದನ್ನಽ ಓದ್ಲಿ."

ಐವತ್ತು ವರ್ಷ ಯಾವುದನ್ನು ತೊಲಗಲಿ ಎಂದು ಶಪಿಸಿದ್ದೆನೋ ಅದನ್ನೇ ಬಿಗಿಯಾಗಿ ಅವಚಿಕೊಂಡೆ. ಅವು ಹೋದರೆ ನಾನು ಯಾರು? ಒಂದು ವಾರ ತಪ್ಪಿದ ಹಳೇ ರದ್ದಿ.

"ನನ್ನ ಹೊಲಗಿ ಬಿಚ್ಚಬ್ಯಾಡ," ಎಂದಳು ನೀಲಗಂಗವ್ವ. "ಪೆನ್ನ ತಗಿ. ನಾ ಹೇಳ್ತೀನಿ, ನೀ ಬರಿ."

ಕುಮುದಾ ನನ್ನನ್ನು ಮುಂದಿಟ್ಟುಕೊಂಡು ಬಿಳಿ ಹಾಳೆಯ ಮೇಲೆ ಬರೆಯತೊಡಗಿದಳು. ಜಲಜೆ ಮೆಟ್ಟಿಲಿನಿಂದ ಕಾಲು ತೆಗೆದಳು, ರೊಟ್ಟಿ ತೆಗೆದಳು, ಶೇಂಗಾ ಹಿಂಡಿ ಹಚ್ಚಿದಳು.

"ಬೆಣ್ಣಿನೂ ಹಚ್ಚು," ಎಂದಳು ನೀಲಗಂಗವ್ವ.

"ಇದರಾಗ ಬೆಣ್ಣಿ ಇಲ್ಲಬೇ."

"ಆವಾಗ ನಮ್ಮ ಮನ್ಯಾಗ ಬೆಣ್ಣಿ ಎಲ್ಲಿತ್ತು? ಬರಿಯೂವಾಗ ನನಗೂ ತೋಚಲಿಲ್ಲ. ಈಗ ಐತೆಲ್ಲ, ಹಚ್ಚು."

ಈಗ ನಾನು ಕಪಾಟಿನಲ್ಲಿದ್ದೇನೆ, ಗಾಜಿನ ಹಿಂದೆ. ಪಕ್ಕದಲ್ಲೇ ಆ ಹೊಸದು. ಅದರ ಹೊಟ್ಟೆಯಲ್ಲೂ ನಾಲ್ಕು ಕೈಬರಹದ ಹಾಳೆಗಳಿವೆ. ಇಂಚರಾ ದಿನವೂ ಬಂದು ನೇರ ಅಲ್ಲಿಗೇ ತೆರೆಯುತ್ತಾಳೆ, ಪುಡಿ ಉದುರಿಸುತ್ತಾಳೆ. ಆಗ ಆ ನುಣುಪು ರಟ್ಟಿನವನ ಮುಖ ಗಂಟಿಕ್ಕುವುದನ್ನು ನೋಡಬೇಕು. ಅನುಭವಿಸಲಿ, ನಾನು ಐವತ್ತು ವರ್ಷ ಅನುಭವಿಸಿದ್ದೇನೆ. ನನಗೆ ಈಗ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ.

ಅದರ ಜಲಜೆಗೆ ಬೆಣ್ಣೆ ಸಿಕ್ಕಿತಲ್ಲ, ಅದೊಂದು ಬಿಟ್ಟು.