ಉಪ್ಪು ತಿಂದ ಚಪ್ಪಡಿ

ಕರಾವಳಿಯಿಂದ ಕೊಟ್ಟೂರಿಗೆ ಮರಳಿದ ಅರ್ಚನಾ ಮನೆಗೆ ಹೋಗಲಿಲ್ಲ. ಬಸ್ಸಿಳಿದವಳೇ ನೇರವಾಗಿ ಹರಪನಹಳ್ಳಿ ರಸ್ತೆಯ ಕಾರ್ಖಾನೆಗೆ ನಡೆದಳು. ಕಾಂಕ್ರೀಟ್ ಚಪ್ಪಡಿ ಮಾಡುವ ಆ ಜಾಗ ಅಪ್ಪ ತೀರಿಕೊಂಡ ಮೇಲೆ ಅವಳಿಗೂ ಅಣ್ಣ ಗುರುಬಸವರಾಜನಿಗೂ ಸೇರಿತ್ತು. ಇವರು ಕಳಿಸಿದ ಚಪ್ಪಡಿಗಳು ಮೀನುಗಾರರು ದೋಣಿ ಕಟ್ಟುವ ದಕ್ಕೆಯಲ್ಲಿ ಎರಡು ಮಳೆಗಾಲವನ್ನೂ ತಾಳಿರಲಿಲ್ಲ. ಒಂದು ಕುಸಿದು, ಬುಟ್ಟಿ ಹೊತ್ತಿದ್ದ ಹೆಂಗಸೊಬ್ಬಳ ಕಾಲು ಮುರಿದಿತ್ತು. ಅರ್ಚನಾ ಯಾರೆಂದು ತಿಳಿದಾಗ ಅಲ್ಲಿನವರು ಅವಳ ಕಾಲ ಬಳಿ ಉಗಿದಿದ್ದರು.

ಅಣ್ಣ ಅದೇ ದಕ್ಕೆಗೆ ಇನ್ನೊಂದು ಲೋಡ್ ಹೊರಡಿಸುತ್ತಿದ್ದ. ಸಮುದ್ರ ಕಬ್ಬಿಣ ತಿನ್ನದೆ ಬಿಡುತ್ತದೆಯೇ, ಅದಕ್ಕೆ ನಾನೇನು ಮಾಡಲಿ ಎಂದು ಅವಳ ಮಾತು ಮುಗಿಯುವ ಮುಂಚೆಯೇ ರೇಗಿದ.

ಅವಳು ಸುತ್ತಿಗೆ ಹಿಡಿದು ಲಾರಿ ಹತ್ತಿ, ಮೇಲಿನ ಚಪ್ಪಡಿಯ ಮೂಲೆಗೆ ಹೊಡೆದಳು. ಚಕ್ಕೆ ಎದ್ದು ಒಳಗಿನ ಕಬ್ಬಿಣದ ಕಂಬಿ ಕಂಡಿತು. ಕಂಬಿಯ ಮೇಲೆ ಹೆಬ್ಬೆರಳು ದಪ್ಪದ ಕಾಂಕ್ರೀಟೂ ಇರಲಿಲ್ಲ. ಉಪ್ಪುನೀರು ಅಷ್ಟನ್ನು ದಾಟಿದರೆ ಸಾಕು, ಕಂಬಿ ತುಕ್ಕು ಹಿಡಿದು, ಉಬ್ಬಿ, ಚಪ್ಪಡಿಯನ್ನು ಒಳಗಿನಿಂದ ಸೀಳುತ್ತದೆ. ಮೊದಲ ಅಚ್ಚು ತುಂಬುವಾಗಲೇ ಅವಳು ಇದನ್ನು ಹೇಳಿದ್ದಳು. ತೂಕ ಹೆಚ್ಚಾದರೆ ಲಾರಿಗೆ ಕಡಿಮೆ ಹಿಡಿಯುತ್ತವೆಂದು ಅಣ್ಣ ತೆಳ್ಳಗೇ ಮಾಡಿಸಿದ್ದ.

"ಸಮುದ್ರ ತಾನಾಗಿ ಒಳಗ ಹೊಕ್ಕಿಲ್ಲಣ್ಣ. ನೀನ ದಾರಿ ಬಿಟ್ಟಿ."

"ಇಳಿ ಕೆಳಗ. ಈ ಮನಿ ಅನ್ನ ಉಂಡು ನಮ್ಮ ಬಾಯಿಗೆ ಮಣ್ಣು ಹಾಕಾಕ ನಿಂತಿ."

ಬುತ್ತಿ ತಂದಿದ್ದ ಅವ್ವ ಕಲ್ಯಾಣಮ್ಮ ಮಗನ ಪಕ್ಕ ಹೋಗಿ ನಿಂತಳು. ಮನೆ ಮಾನ ಕಳೆಯುವವಳು ಹುಟ್ಟದಿದ್ದರೇ ಚೆನ್ನಾಗಿತ್ತು ಅಂದಳು. ಗಾಡಿ ಬಿಡು ಎಂದು ಅಣ್ಣ ಡ್ರೈವರ್ ಓಬಳೇಶಪ್ಪನಿಗೆ ಕೂಗಿದ.

ಅರ್ಚನಾ ಚಪ್ಪಡಿಗಳ ಮೇಲೆಯೇ ಕುಳಿತಳು. "ಬಿಡ್ರಿ ಓಬಳೇಶಪ್ಪ, ನಾನೂ ಬರ್ತೀನಿ. ಕಾಲು ಮುರಕೊಂಡ ಆ ಹೆಣ್ಮಗಳ ಮುಂದ ಇವನ್ನ ನೀವ ಇಳಸೀರಂತ."

ಓಬಳೇಶಪ್ಪ ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಂಡು ಚಹಾದಂಗಡಿ ಕಡೆ ಹೋಗಿಬಿಟ್ಟ. ಅವಳು ಕುಳಿತಲ್ಲಿಂದಲೇ ದಕ್ಕೆಯ ಗುತ್ತಿಗೆದಾರನಿಗೆ ಫೋನ್ ಮಾಡಿ, ನಮ್ಮ ಹಳೆಯ ಚಪ್ಪಡಿ ಒಂದನ್ನೂ ಉಳಿಸಬೇಡಿ, ಬದಲಿ ನಾನು ಕೊಡುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಆ ಲೋಡ್ ಹೋಗಲಿಲ್ಲ. ಅಣ್ಣ ಹಿರಿಯರನ್ನು ಕೂಡಿಸಿ ಜಾಗ ಪಾಲು ಮಾಡಿಸಿದ. ನೀರಿನ ತೊಟ್ಟಿ, ಅಚ್ಚು, ಗೇಟು ಅವನಿಗೆ. ಜಲ್ಲಿ ರಾಶಿಯ ಮೂಲೆ ಇವಳಿಗೆ. ಅವಳು ಹೊಸ ಅಚ್ಚು ತರಿಸಿ, ಕಂಬಿ ಆಳಕ್ಕಿಳಿಸಿ, ದಪ್ಪನೆಯ ಚಪ್ಪಡಿ ಹಾಕಿಸಿದಳು. ಹಸಿ ಕಾಂಕ್ರೀಟ್ ಗಟ್ಟಿಯಾಗಲೆಂದು ಅವಕ್ಕೆ ಉಣಿಸಲು ಟ್ಯಾಂಕರ್ ನೀರು ಬಂದ ದಿನ ಅಣ್ಣ ಗೇಟಿಗೆ ಬೈಕ್ ಅಡ್ಡ ನಿಲ್ಲಿಸಿ ಅದರ ಮೇಲೆ ಕುಳಿತಿದ್ದ.

ಅರ್ಚನಾ ತನ್ನ ಮೂಲೆಯ ರಸ್ತೆ ಬದಿಯ ಬೇಲಿ ಕಿತ್ತು, ಟ್ಯಾಂಕರಿನಿಂದ ಪೈಪ್ ಎಳೆದುಕೊಂಡಳು.