ಗಾಳಿ ಸೋಕದ ಕೆಸರು

ಸುತ್ತಿಗೆ ಎರಡನೇ ಸಲ ಮೇಲೇಳುವಷ್ಟರಲ್ಲಿ ಮಗಳು ಓಡಿಬಂದು ತಾಯಿಯ ಮಣಿಕಟ್ಟು ಹಿಡಿದಳು. ಮೊದಲ ಏಟಿಗೇ ಫ್ರಿಜ್ಜಿನ ಕೆಳಖಾನೆಯ ಬೀಗ ಕಿತ್ತುಬಂದಿತ್ತು. ಒಳಗೆ ಮೊಳದುದ್ದದ ಗಾಜಿನ ಕೊಳವೆ, ಅದರ ತುಂಬ ಕಪ್ಪು ಕೆಸರು, ಬಾಯಿಗೆ ಮೇಣ.

“ಬಿಡೇ, ಪುಡಿ ಮಾಡ್ತೀನಿ ಅದನ್ನ.”

“ನಡುಮನೇಲಿ ಅಪ್ಪನ ಹೆಣ ಇದೆ ಅಮ್ಮ. ಜನ ಏನಂದ್ಕೋತಾರೆ?”

“ಹೆಣ ಆದ್ಮೇಲೇ ತಾನೆ ನಂಗೆ ಧೈರ್ಯ ಬಂದಿದ್ದು.”

ನಡುಮನೆಯಲ್ಲಿ ಮಲಗಿದ್ದವನಿಗೆ ಕೆಸರಣ್ಣ ಎಂದೇ ಅಡ್ಡಹೆಸರು. ಮೂವತ್ತು ವರ್ಷ ಪ್ರಯೋಗಾಲಯದ ದೋಣಿ ನಡೆಸಿ, ಕಬ್ಬಿಣ ಕೂಡಿದ ಕೆಂಪು ಕೆರೆಯ ತಳಕ್ಕೆ ಕೊಳವೆ ಇಳಿಸಿ, ಪದರ ಕಲಕದಂತೆ ಕೆಸರು ಎತ್ತಿದವನು. ಅವನಷ್ಟು ಹಗುರ ಕೈ ಯಾರಿಗೂ ಇಲ್ಲ ಎಂದು ಬೆಳಗಿನಿಂದ ಬಂದವರೆಲ್ಲ ಹೇಳುತ್ತಿದ್ದರು. ಹಗುರ ಕೈಯಂತೆ. ಪಕ್ಕದ ಮನೆಯವರು ಮಾತ್ರ ತುಟಿಪಿಟಕ್ಕೆನ್ನದೆ ಕೂತಿದ್ದರು. ಎರಡು ಮನೆಗೂ ನಡುವೆ ಇರುವುದು ಒಂದೇ ಗೋಡೆ.

ಅಡುಗೆಮನೆಯ ಬಾಗಿಲಲ್ಲಿ ಪ್ರಯೋಗಾಲಯದ ಮೇಡಂ ನಿಂತಿದ್ದರು. ಸಾವಿಗೆಂದು ಬಂದದ್ದು ನಿಜ, ಜೊತೆಗೆ ಐಸ್ ಪೆಟ್ಟಿಗೆ ತಂದದ್ದೂ ನಿಜ.

“ದಯವಿಟ್ಟು ಒಡೀಬೇಡಿ,” ಎಂದರು. “ಕೆರೆ ತಳದಲ್ಲಿ ಗಾಳಿ ಇರಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ತುಕ್ಕನ್ನೇ ಉಸಿರಾಡಿ ಬದುಕ್ತವೆ. ಅವು ಕರಗಿಸಿದ ಕಬ್ಬಿಣದಿಂದ ಬಿಳಿ ಖನಿಜ ಕಾಳು ಕಾಳಾಗಿ ಕಟ್ಟುತ್ತೆ. ಈ ಕೊಳವೇಲಿ ಹನ್ನೆರಡು ವರ್ಷದಿಂದ ಕಟ್ತಾ ಇದೆ. ಗಾಳಿ ಸೋಕಿದ್ರೆ ಕಾಳೆಲ್ಲ ನೀಲಿ ತಿರುಗಿ ಹಾಳಾಗುತ್ತೆ. ನಾವು ಬರೆಯೋ ಲೇಖನದಲ್ಲಿ ಅವರ ಹೆಸರೇ ಮೊದಲು ಬರುತ್ತೆ.”

“ಕೇಳಿಸ್ತಾ ಅಮ್ಮ? ಅಪ್ಪನ ಹೆಸರು.” ಮಗಳು ಹಿಡಿತ ಬಿಗಿ ಮಾಡಿದಳು. ಅವಳಿಗೆ ಅಪ್ಪನೆಂದರೆ ಪ್ರಾಣ. ಹೆಸರಾದರೂ ಉಳಿಯಲಿ ಎಂಬ ಆಸೆ.

“ನನ್ನ ಮೈಮೇಲೆ ಬರೆದಿಟ್ಟು ಹೋಗಿದಾನಲ್ಲ, ಅದು ಸಾಲ್ದಾ?”

*

ಹನ್ನೆರಡು ವರ್ಷದ ಹಿಂದೆ, ಮಗಳು ಹಾಸ್ಟೆಲಿನಲ್ಲಿದ್ದಾಗ, ಪ್ರಯೋಗಾಲಯದ ಶೀತಲಕೋಣೆ ಕೆಟ್ಟಿತೆಂದು ಅವನು ಆ ಕೊಳವೆಯನ್ನು ಮನೆಗೆ ತಂದಿದ್ದ. ಹಾಲಿಡಲು ಜಾಗ ಸಾಲದೆ ಹೆಂಡತಿ ಅದನ್ನು ನಾಲ್ಕು ಬೆರಳು ಸರಿಸಿದಳು. ಅವಳ ಕೈ ಇನ್ನೂ ಒಳಗಿರುವಾಗಲೇ ಅವನು ಫ್ರಿಜ್ಜಿನ ಬಾಗಿಲನ್ನು ಒದ್ದ. ಒಂದಲ್ಲ, ಮೂರು ಸಲ. ಮೂರನೆಯದಕ್ಕೆ ಮೂಳೆ ಲಟಕ್ಕೆಂದಿತು.

ಅವಳು ನೆಲದ ಮೇಲೆ ಒದ್ದಾಡುತ್ತಿದ್ದಂತೆಯೇ ಅವನು ಕೊಳವೆಯನ್ನು ಎರಡೂ ಕೈಯಲ್ಲಿ ಎತ್ತಿ, ಪದರ ಕದಲಿಲ್ಲ ಎಂದು ಖಾತ್ರಿಯಾದ ಮೇಲೆ ನಿಟ್ಟುಸಿರು ಬಿಟ್ಟ. “ಮೆಟ್ಟಿಲಲ್ಲಿ ಜಾರಿಬಿದ್ದೆ ಅಂತ ಹೇಳು,” ಎಂದ. ಮರುದಿನ ಖಾನೆಗೆ ಬೀಗ ಬಂತು; ಕೊಳವೆ ಮತ್ತೆ ಪ್ರಯೋಗಾಲಯಕ್ಕೆ ಹೋಗಲೇ ಇಲ್ಲ.

*

ಮಗಳಿಗೆ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಪ್ಲಾಸ್ಟರ್ ಹಾಕುವ ಕೆಲಸ. ಆದರೂ ತಾಯಿ ಒಮ್ಮೆಯೂ ಅವಳಿಗೆ ಆ ಕೈ ಮುಟ್ಟಗೊಟ್ಟಿರಲಿಲ್ಲ. ಈಗ ರವಿಕೆಯ ಉದ್ದ ತೋಳು ಮೇಲೆ ಸರಿದಿತ್ತು. ಮುಂಗೈಯ ಎರಡೂ ಮೂಳೆ ಒಂದೇ ಗೆರೆಯಲ್ಲಿ ಅಡ್ಡಕ್ಕೆ ತುಂಡಾಗಿ ಸೊಟ್ಟಗೆ ಕೂಡಿಕೊಂಡಿದ್ದು ಅವಳ ಬೆರಳಿಗೆ ಸಿಕ್ಕಿತು.

“ಬಿದ್ದರೆ ಹೀಗೆ ಮುರಿಯಲ್ಲ,” ಎಂದಳು ಮೆಲ್ಲಗೆ. “ಇದು ಬಾಗಿಲಿಗೆ ಸಿಕ್ಕಿದ ಕೈ.”

“ತಾನಾಗಿ ಸಿಕ್ಕಿದ್ದಲ್ಲ ಕಣೇ. ಈ ಕೆಸರು ಮುಟ್ಟಿದ್ದಕ್ಕೆ ಮೂರು ಸಲ ಒದ್ದ.”

“ನಂಗ್ಯಾಕೆ ಹೇಳ್ಲಿಲ್ಲ?”

“ನಿಂಗೆ ಅಪ್ಪ ಬೇಕಾಗಿದ್ದ.”

ಮಗಳು ಕೈಬಿಟ್ಟಳು. ನಡುಮನೆಯಿಂದ ಚಿಕ್ಕಪ್ಪ, “ಹೊತ್ತಾಯ್ತು, ಎತ್ತೋಣ್ವಾ?” ಎಂದು ಕೂಗಿದ. ಮಗಳು ಬಗ್ಗಿ ಕೊಳವೆ ಎತ್ತಿಕೊಂಡಾಗ ಮೇಡಂ ಗಡಿಬಿಡಿಯಿಂದ ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದರು.

ಅವಳು ಅದನ್ನು ಅಡುಗೆಕಟ್ಟೆಯ ಅಂಚಿಗೆ ಅಪ್ಪಳಿಸಿದಳು. ಗಾಜು ಸಿಡಿದು ಅಂಗೈ ಸೀಳಿತು. ತಡೆಯಲು ಬಂದ ಮೇಡಂ ಅವರನ್ನು ಮೊಣಕೈಯಿಂದ ಗೋಡೆಗೆ ನೂಕಿ, ಉಳಿದರ್ಧವನ್ನೂ ಚಚ್ಚಿದಳು, ಕೈಯಲ್ಲಿ ಚಚ್ಚುವುದಕ್ಕೆ ಏನೂ ಉಳಿಯದಷ್ಟು.

ಕಪ್ಪು ಕೆಸರು ಕಟ್ಟೆಯ ಮೇಲೆ ಹರಡಿ ನಿಧಾನಕ್ಕೆ ನೆಲಕ್ಕಿಳಿಯಿತು. ನಡುನಡುವೆ ಬಿಳಿ ಕಾಳುಗಳಿದ್ದವು. ಮೂವರೂ ನೋಡುತ್ತ ನಿಂತರು. ಹೊರಗೆ ಚಿಕ್ಕಪ್ಪ ಮತ್ತೆ ಕೂಗುವ ಹೊತ್ತಿಗೆ ಕಾಳುಗಳ ಅಂಚಿಗೆ ನೀಲಿ ಹತ್ತತೊಡಗಿತ್ತು. ತಾಯಿಯ ಮಣಿಕಟ್ಟಿನ ಮೇಲೆ ಮಗಳ ನಾಲ್ಕು ಬೆರಳ ಗುರುತು ಇನ್ನೂ ಕೆಂಪಗಿತ್ತು.