ಒಡೆಯದ ಹತ್ತು ಲಕ್ಷ

ಹಲ್ಲುಚಕ್ರ ಕೊರೆಯುವುದರಲ್ಲಿ ನನ್ನನ್ನು ಮೀರಿಸುವವರು ಭೂಮಿಯ ಮೇಲಿಲ್ಲ. ಇದ್ದರೆ ನನ್ನ ಹತ್ತಿರವೇ ಕಲಿತವರಿರಬೇಕು. ಅದಕ್ಕೇ ತಾರಾಲಯದ ಮೇಷ್ಟ್ರು ನಮ್ಮ ಅಂಗಡಿಯನ್ನು ಹುಡುಕಿಕೊಂಡು ಬಂದದ್ದು. ಹಿಡಿಕೆಯನ್ನು 1010101 ಸುತ್ತು ತಿರುಗಿಸಿದರೆ ಕೊನೆಯ ಮುಳ್ಳು ಸರಿಯಾಗಿ ಒಂದೇ ಸುತ್ತು ತಿರುಗುವ ಯಂತ್ರ ಅವರಿಗೆ ಬೇಕಿತ್ತು.

"ನೀವು ಚಹಾ ಮುಗಿಸೋದರೊಳಗೆ ದಾರಿ ಹೇಳ್ತೀನಿ," ಎಂದೆ.

ಅವರು ಚಹಾ ಮುಗಿಸಿ ಹೋಗಿ ವಾರ ಕಳೆಯಿತು.

ಹತ್ತು ಲಕ್ಷ ಹಲ್ಲಿನ ಒಂದೇ ಚಕ್ರ ಕೊರೆದರೆ ಅದನ್ನಿಡಲು ಊರನ್ನೇ ಖಾಲಿ ಮಾಡಿಸಬೇಕಾದೀತು. ಹಾಗಾಗಿ ದೊಡ್ಡ ಸಂಖ್ಯೆಯನ್ನು ಸಣ್ಣ ಸಂಖ್ಯೆಗಳ ಗುಣಾಕಾರವಾಗಿ ಒಡೆದು, ಒಂದೊಂದಕ್ಕೆ ಒಂದೊಂದು ಚಕ್ರ ಮಾಡುತ್ತೇವೆ. ತಿರುಪಿನಂಥ ಸರಳೊಂದು ಪ್ರತಿ ಸುತ್ತಿಗೂ ಚಕ್ರವನ್ನು ಒಂದು ಹಲ್ಲು ಮುಂದೆ ತಳ್ಳುತ್ತದೆ; ಆ ಚಕ್ರ ಪೂರ್ತಿ ಒಂದು ಸುತ್ತು ಬಂದಾಗ ಮುಂದಿನ ಚಕ್ರ ಒಂದು ಹಲ್ಲು ಸರಿಯುತ್ತದೆ. ಸಂಖ್ಯೆ ಒಡೆಯದಿದ್ದರೆ ಯಂತ್ರವಿಲ್ಲ. ಈ ಸಲ ಯಂತ್ರವಿಲ್ಲದಿದ್ದರೆ ಅಂಗಡಿಯೂ ಇಲ್ಲ: ಬೇರೆ ಗಿರಾಕಿಯ ಮುಖ ನೋಡಿ ಯುಗವಾಗಿತ್ತು. ನನ್ನ ಪಾಲುದಾರರಾದ ಭಾವ ಕಾರ್ಖಾನೆಯೊಂದರಲ್ಲಿ ಕೆಲಸ ಗೊತ್ತುಮಾಡಿಕೊಂಡಿದ್ದರು. ಇವತ್ತು ಸಂಜೆಯೊಳಗೆ ದಾರಿ ಕಾಣದಿದ್ದರೆ ನಾಳೆ ಶಟರ್ ಎಳೆದು ಹೊರಡುವವರು.

"ಮೂರು, ಏಳು, ಹನ್ನೊಂದರಿಂದ ಹಿಡಿದು ಎಪ್ಪತ್ತೊಂದರ ತನಕ ಭಾಗಿಸಿದೆ," ಎಂದರು ಭಾವ. "ಯಾವುದರಿಂದಲೂ ಹೋಗ್ಲಿಲ್ಲ. ಇದು ಒಡೆಯೋ ಸಂಖ್ಯೆ ಅಲ್ಲ, ಬಿಡು."

ನಾನೂ ಭಾಗಿಸಿದ್ದೆ, ಬಲಗೈಯಲ್ಲೊಮ್ಮೆ, ಎಡಗೈಯಲ್ಲೊಮ್ಮೆ. ಲೇತ್‌ನಿಂದ ಬಾಗಿಲಿಗೆ, ಬಾಗಿಲಿನಿಂದ ಲೇತ್‌ಗೆ ಓಡಾಡಿ ನೆಲದಲ್ಲಿ ಕಾಲುವೆ ತೋಡಿಬಿಟ್ಟಿದ್ದೆ.

"ಕೂತ್ಕೊಳೋ ಒಂದು ಕಡೆ!" ಹಳೆಯ ಚಕ್ರವೊಂದರ ಹಲ್ಲುಗಳಿಗೆ ಅರ ಉಜ್ಜುತ್ತಿದ್ದ ಅಕ್ಕ ಗದರಿದಳು. "ನೀನು ಓಡಾಡಿದ್ರೆ ಅದು ಹೆದರಿಕೊಂಡು ಒಡೆಯುತ್ತಾ?" ಆಮೇಲೆ ಗಂಡನ ಕಡೆ ತಿರುಗಿದಳು. "ಎಪ್ಪತ್ತೊಂದಕ್ಕೇ ಯಾಕ್ರೀ ನಿಲ್ಲಿಸಿದ್ದು?"

"ತಟ್ಟೇಲಿರೋದೇ ಅಷ್ಟು ತೂತು."

ಚಕ್ರದ ಸುತ್ತ ಹಲ್ಲುಗಳನ್ನು ಸಮವಾಗಿ ಹಂಚಲು ನಮ್ಮಲ್ಲೊಂದು ತೂತುಗಳ ತಟ್ಟೆಯಿದೆ. ಅದರ ಕೊನೆಯ ಸಾಲಿನಲ್ಲಿ ಎಪ್ಪತ್ತೊಂದು ತೂತು. ವರ್ಷಗಟ್ಟಲೆ ಅದನ್ನೇ ನೋಡಿ ನೋಡಿ, ಅದರಾಚೆಗೂ ಭಾಗಿಸಿ ನೋಡಬಹುದೆಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಅಕ್ಕ ಎದ್ದು ಬಂದು, ನಾವು ಹಲಗೆಯ ಮೇಲೆ ಬರೆದಿದ್ದ ಸಂಖ್ಯೆಯ ನಟ್ಟನಡುವಿನ ಸೊನ್ನೆಯನ್ನು ಹೆಬ್ಬೆರಳಿನಿಂದ ಮುಚ್ಚಿದಳು. "ನೋಡೋ, ಆಚೆಗೂ ನೂರೊಂದು, ಈಚೆಗೂ ನೂರೊಂದು."

ನನ್ನ ತಲೆಯಲ್ಲಿ ಮಿಂಚಿದ ಬೆಳಕಿಗೆ ಅಂಗಡಿಯ ಬಲ್ಬು ಮಂಕಾಯಿತು. ನೂರೊಂದು ಹತ್ತುಸಾವಿರಗಳು, ಮೇಲೊಂದು ನೂರೊಂದು! ಅಂದರೆ ನೂರೊಂದರಿಂದ ಭಾಗಿಸಿದರೆ ಬರುವುದು 10001. ಭಾವನ ಕೈಯಿಂದ ಸೀಮೆಸುಣ್ಣ ಕಸಿದುಕೊಂಡು ತಟ್ಟೆಯಾಚೆಗಿನ ಎಪ್ಪತ್ತಮೂರರಿಂದ ಅದನ್ನು ಭಾಗಿಸಿದೆ. ಶೇಷವಿಲ್ಲದೆ ನೂರ ಮೂವತ್ತೇಳು ಬಂತು. ನಾನು ಹಾಕಿದ ಕೂಗಿಗೆ ಪಕ್ಕದ ಬೀದಿಯ ಕಿವುಡರೂ ಹೊರಗೆ ಬಂದರು.

"ಮೂರೇ ಚಕ್ರ, ಭಾವ! ಎಪ್ಪತ್ತಮೂರು, ನೂರೊಂದು, ನೂರ ಮೂವತ್ತೇಳು!"

"ಕುಣೀಬೇಡ. ಇವಕ್ಕೆ ತೂತೆಲ್ಲಿದೆ?"

"ಇಲ್ದಿದ್ರೆ ಮಾಡೋಣ. ಕಾಗದದ ಪಟ್ಟಿ ಮೇಲೆ ಸಮವಾಗಿ ಎಪ್ಪತ್ತಮೂರು ಗೆರೆ ಹಾಕಿ, ಮರದ ಉರುಳೆಗೆ ಸುತ್ತೋಣ. ತುದಿಗೆ ತುದಿ ಕೂಡಿದ್ರೆ ಅದೇ ನಮ್ಮ ತಟ್ಟೆ."

ನಾನು ಗೆರೆ ಹಾಕಲು ಹೊರಟರೆ ಭಾವ ಕೈವಾರ ಕಿತ್ತುಕೊಂಡರು. "ನೀನಿನ್ನೂ ಕುಣೀತಿದ್ದೀಯ. ಪಟ್ಟಿ ಹಿಡ್ಕೋ, ಸಾಕು." ಗೆರೆ ಹಾಕಿ ಸುತ್ತಿದರು. ತುದಿಗಳ ನಡುವೆ ಕೂದಲೆಳೆಯಷ್ಟು ಅಂತರ ಉಳಿಯಿತು. ಉರುಳೆಯನ್ನು ಲೇತ್‌ಗೆ ಹಾಕಿ ಒಂದಿಷ್ಟು ಕೆರೆದು ಮತ್ತೆ ಸುತ್ತಿದರು. ನಾನು ಉಸಿರು ಹಿಡಿದು ನಿಂತೆ. ಅಕ್ಕನ ಪ್ರಕಾರ ಅರ್ಧ ನಿಮಿಷ, ನನ್ನ ಪ್ರಕಾರ ಒಂದು ಗಂಟೆ. ತುದಿಗೆ ತುದಿ ಮುತ್ತಿಟ್ಟಿತು.

ಭಾವ ಕೈ ಒರೆಸಿಕೊಂಡು ಫೋನ್ ತೆಗೆದು ಕಾರ್ಖಾನೆಗೆ ಕರೆ ಮಾಡಿದರು. "ನಾಳೆ ಬರೋಕಾಗಲ್ಲ ಸಾರ್. ಮೂರು ಚಕ್ರ ಕೊರೀಬೇಕು." ಆ ಕಡೆಯವರು ಏನೋ ಕೇಳಿದರು. "ಇಲ್ಲ ಸಾರ್, ಆಮೇಲೂ ಬರಲ್ಲ."

"ಮೇಷ್ಟ್ರಿಗೆ ಯಾರು ಹೇಳ್ತೀರೋ?" ಎಂದಳು ಅಕ್ಕ.

ನಾನಾಗಲೇ ಬೀದಿಯಲ್ಲಿದ್ದೆ. ತಾರಾಲಯದವರೆಗೂ ಒಂದೇ ಓಟ. ದಾರಿಯಲ್ಲಿ ಎರಡು ಬಸ್ಸುಗಳನ್ನು ಹಿಂದೆ ಹಾಕಿದೆ. ಒಂದು ನಿಂತಿತ್ತು ಅನ್ನುವವರು ಅನ್ನಲಿ.